ಬಾಯಿ ಆಡಿದರೆ ತಲೆಯೂ ಅಲುಗುತ್ತದೆ

"ಪ, ತ, ಕ" ಅಂತ ಬೇಗ ಬೇಗ ಹೇಳಿ ನೋಡಿ. ಪ ಅನ್ನುವಾಗ ತುಟಿ ಕೂಡುತ್ತವೆ. ತ ಅನ್ನುವಾಗ ನಾಲಗೆಯ ತುದಿ ಹಲ್ಲಿಗೆ ತಾಗುತ್ತದೆ. ಕ ಅನ್ನುವಾಗ ನಾಲಗೆಯ ಹಿಂಭಾಗ ಮೇಲೇಳುತ್ತದೆ. ಇಷ್ಟಕ್ಕೆ ಒಂದು ಸೆಕೆಂಡೂ ಬೇಕಿಲ್ಲ. ಆ ಹೊತ್ತಲ್ಲಿ ಮಿದುಳಿನಲ್ಲಿ ಏನು ನಡೆಯುತ್ತದೆ ಅಂತ ನೋಡುವುದು ಮಾತ್ರ ಸುಲಭವಾಗಿರಲಿಲ್ಲ.

1870ರಲ್ಲಿ ಜರ್ಮನಿಯ ವೈದ್ಯರಾದ ಫ್ರಿಟ್ಷ್ ಮತ್ತು ಹಿಟ್ಸಿಗ್ ನಾಯಿಯ ಮಿದುಳಿಗೆ ಸಣ್ಣ ಕರೆಂಟು ಕೊಟ್ಟರು. ಎದುರು ಬದಿಯ ಕಾಲು ಮಿಡುಕಿತು. ಆಮೇಲೆ ಕೆನಡಾದ ಮಾಂಟ್ರಿಯಲ್‌ನಲ್ಲಿ ಮಿದುಳಿನ ಸರ್ಜನ್ ವೈಲ್ಡರ್ ಪೆನ್‌ಫೀಲ್ಡ್ ಮೂರ್ಛೆರೋಗದ ಆಪರೇಷನ್ ಮಾಡುವಾಗ ಇದನ್ನೇ ಮನುಷ್ಯರಲ್ಲಿ ನೋಡಿದರು. ರೋಗಿ ಎಚ್ಚರವಾಗಿಯೇ ಇರುತ್ತಿದ್ದರು. ನೆತ್ತಿಯ ಚರ್ಮವನ್ನು ಮರಗಟ್ಟಿಸಿದರೆ ಸಾಕು, ಮಿದುಳಿಗೆ ನೋವೇ ಗೊತ್ತಾಗುವುದಿಲ್ಲ. ಒಂದು ಕಡೆ ಕರೆಂಟು ಮುಟ್ಟಿಸಿದರೆ ಬೆರಳು ಅಲುಗುತ್ತಿತ್ತು, ಇನ್ನೊಂದು ಕಡೆ ತುಟಿ. ಮುಟ್ಟಿದ ಜಾಗಕ್ಕೆಲ್ಲ ನಂಬರು ಬರೆದ ಪುಟ್ಟ ಚೀಟಿ ಇಡುತ್ತಿದ್ದರು. ಸಹೋದ್ಯೋಗಿ ಬೋಲ್ಡ್ರಿ ಜೊತೆ ಸೇರಿ 1937ರಲ್ಲಿ ಅದನ್ನು ಪ್ರಕಟಿಸಿದರು. ಬೆನ್ನು, ಹೊಟ್ಟೆಗಿಂತ ತುಟಿ, ನಾಲಗೆ, ಕೈಗೆ ಮಿದುಳಲ್ಲಿ ಎಷ್ಟೋ ದೊಡ್ಡ ಜಾಗ!

ಆದರೆ ಅಲ್ಲಿ ಬಾಯಿ ಆಡಿಸಿದ್ದು ಕರೆಂಟು, ರೋಗಿ ಅಲ್ಲ. ತಾವಾಗಿ ಆಡಿಸುವುದೇ ಬೇರೆ ವಿಷಯ, ಅಲ್ವಾ?

ಮಿದುಳಿನ ಯಾವ ಭಾಗ ಕೆಲಸ ಮಾಡುತ್ತದೋ ಅಲ್ಲಿಗೆ ರಕ್ತ ಹೆಚ್ಚು ಹರಿಯುತ್ತದೆ. 1990ರಲ್ಲಿ ವಿಜ್ಞಾನಿ ಸೀಜಿ ಒಗಾವ ರಕ್ತದ ಆಮ್ಲಜನಕದ ಏರಿಳಿತವನ್ನು ಎಂಆರ್‌ಐನಲ್ಲಿ, ಅಂದರೆ ಕಾಂತದ ಬಲದಿಂದ ದೇಹದ ಒಳಗಿನ ಚಿತ್ರ ತೆಗೆಯುವ ಯಂತ್ರದಲ್ಲಿ, ಹಿಡಿಯಬಹುದು ಅಂತ ತೋರಿಸಿದರು. ತಲೆ ಬುರುಡೆ ತೆರೆಯದೆ, ಕೆಲಸ ಮಾಡುತ್ತಿರುವ ಮಿದುಳನ್ನು ನೋಡುವ ದಾರಿ ಸಿಕ್ಕಿತು. ಯಂತ್ರದೊಳಗೆ ಬೆರಳು ಆಡಿಸಿದರೆ ತೊಂದರೆಯಿಲ್ಲ. ಬಾಯಿ ಹಾಗಲ್ಲ. ತಲೆಯ ಎರಡೂ ಬದಿಗೆ ಸ್ಪಂಜು ತುರುಕಿದರೂ ದವಡೆ ತೆರೆದರೆ ತಲೆ ಕೂದಲೆಳೆಯಷ್ಟಾದರೂ ಅಲುಗುತ್ತದೆ. ತಲೆ ಅಲುಗದಿದ್ದರೂ ದವಡೆ, ನಾಲಗೆಯ ಓಡಾಟವೇ ಸುತ್ತಲಿನ ಕಾಂತಕ್ಷೇತ್ರವನ್ನು ಕದಡುತ್ತದೆ. ಚಿತ್ರದಲ್ಲಿ ಸುಳ್ಳು ಚುಕ್ಕೆಗಳು ಹೊಳೆಯುತ್ತವೆ. ಹಾಗಾಗಿ ಎಷ್ಟೋ ಪ್ರಯೋಗಗಳಲ್ಲಿ "ಬಾಯಿ ತೆರೆಯಬೇಡಿ, ಮನಸ್ಸಲ್ಲೇ ಹೇಳಿಕೊಳ್ಳಿ" ಅನ್ನುತ್ತಿದ್ದರು.

ಪರಿಹಾರ ಸಿಕ್ಕಿದ್ದು ರಕ್ತದ ನಿಧಾನದಲ್ಲಿ. ದವಡೆಯ ಗಲಿಬಿಲಿ ಆ ಕ್ಷಣವೇ ಬಂದು ಹೋಗುತ್ತದೆ. ರಕ್ತದ ಹರಿವು ಏರುವುದಕ್ಕೆ ಸುಮಾರು 5 ಸೆಕೆಂಡು ಬೇಕು. ಒಂದು ಪದ ಹೇಳಿ, ಸುಮ್ನಿದ್ದು, ಆಮೇಲೆ ಬರುವ ಚಿತ್ರ ನೋಡಿದರಾಯಿತು. ಈ ಉಪಾಯ ನನಗೆ ತುಂಬಾ ಇಷ್ಟ.

ಆದರೆ ಅಷ್ಟು ನಿಧಾನದಲ್ಲಿ ಪ, ತ, ಕಗಳನ್ನು ಬಿಡಿಸಿ ನೋಡಲಾಗದು. 2013ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಎಡ್ವರ್ಡ್ ಚಾಂಗ್ ತಂಡ ಮಿದುಳಿನ ಮೇಲೆಯೇ ಎಲೆಕ್ಟ್ರೋಡ್ ಹಾಳೆ (ಮಿದುಳಿನ ಕರೆಂಟನ್ನು ಹಿಡಿಯುವ ಪುಟ್ಟ ಬಿಲ್ಲೆಗಳ ಹಾಳೆ) ಇಟ್ಟು, ತುಟಿ, ನಾಲಗೆ, ದವಡೆ, ಗಂಟಲಿನ ಜಾಗಗಳು ಒಂದಾದ ಮೇಲೊಂದು ಎಚ್ಚರಗೊಳ್ಳುವುದನ್ನು ಕಂಡಿತು. ಅದೇ ತಂಡ 2021ರಲ್ಲಿ, ಪಾರ್ಶ್ವವಾಯುವಿನಿಂದ 15 ವರ್ಷಕ್ಕೂ ಹೆಚ್ಚು ಕಾಲ ಮಾತಿಲ್ಲದಿದ್ದ ಒಬ್ಬರಿಗೆ 50 ಪದಗಳನ್ನು ಮರಳಿ ಕೊಟ್ಟಿತು. ಅವರು ಹೇಳಲು ಯತ್ನಿಸಿದರೆ ಸಾಕು, ಮಿದುಳಿನ ಕರೆಂಟನ್ನು ಕಂಪ್ಯೂಟರ್ ಓದಿ, ಪದ ಪರದೆ ಮೇಲೆ ಬರುತ್ತಿತ್ತು. ನೀರು ಬೇಕಾ ಅಂತ ಕೇಳಿದಾಗ, ಬೇಡ, ಬಾಯಾರಿಕೆ ಇಲ್ಲ ಅಂತ ಉತ್ತರ ಮೂಡಿತು.