ಜೋಶ್ ಗಾರ್ಡನ್ ಎಷ್ಟು ಸಲ ಮರಳಿ ಬಂದರು?

2019ರ ಡಿಸೆಂಬರ್ 15, ಭಾನುವಾರ. ಷಾರ್ಲಟ್‌ನಲ್ಲಿ ಕೆರೊಲಿನಾ ಪ್ಯಾಂಥರ್ಸ್ ಎದುರು ಸಿಯಾಟಲ್ ಸೀಹಾಕ್ಸ್ ಆಡುತ್ತಿತ್ತು. ರಸೆಲ್ ವಿಲ್ಸನ್ ದೂರಕ್ಕೆ ಎಸೆದ ಚೆಂಡು ಇನ್ನೇನು ಕೈತಪ್ಪಿತು ಅನ್ನುವಷ್ಟರಲ್ಲಿ ಜೋಶ್ ಗಾರ್ಡನ್ ಮೈಚಾಚಿ ಹಾರಿದರು, ಹಿಡಿದರು, ನೆಲಕ್ಕೆ ಬಿದ್ದರೂ ಬಿಡಲಿಲ್ಲ. ಒಂದೇ ಎಸೆತಕ್ಕೆ 58 ಗಜ. ಮರುದಿನ ಸೋಮವಾರ ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಅವರನ್ನು ಅನಿರ್ದಿಷ್ಟ ಕಾಲ ಅಮಾನತು ಮಾಡಿತು. ಎಷ್ಟನೆಯ ಸಲ ಎಂದು ಎಣಿಸಲು ಹೊರಟರೆ, ಕ್ಲಬ್ ಹಾಕಿದ ಶಿಕ್ಷೆಯನ್ನೂ ಸೇರಿಸಿ, ಒಂದು ಕೈಯ ಬೆರಳು ಸಾಲದು.

ಅಮೆರಿಕದ ಫುಟ್‌ಬಾಲಿನಲ್ಲಿ ಪ್ರತಿಭೆ ಇದ್ದೂ ನೆಲೆ ನಿಲ್ಲದ ಆಟಗಾರರ ಮಾತು ಬಂದಾಗಲೆಲ್ಲ ಗಾರ್ಡನ್ ಹೆಸರು ಬರುತ್ತದೆ. ಸಾಮಾನ್ಯವಾಗಿ ಅದನ್ನು ‘ಸಿಕ್ಕ ಅವಕಾಶವನ್ನೆಲ್ಲ ಕೈಯಾರೆ ಹಾಳು ಮಾಡಿಕೊಂಡವನು’ ಎಂಬ ಧಾಟಿಯಲ್ಲೇ ಹೇಳುತ್ತಾರೆ. ಸುಳ್ಳೇನಲ್ಲ. ಆದರೆ ಅವರ ಹತ್ತು ವರ್ಷಗಳನ್ನು ತಾರೀಖುಗಳ ಸಮೇತ ಜೋಡಿಸಿಟ್ಟು ನೋಡಿದರೆ, ಬದಲಾಗುತ್ತ ಹೋದದ್ದು ಅವರೊಬ್ಬರೇ ಅಲ್ಲ, ಅವರನ್ನು ಅಳೆಯುತ್ತಿದ್ದ ಗೆರೆಯೂ ಹೌದು ಎಂದು ಗೊತ್ತಾಗುತ್ತದೆ.

ಗಾರ್ಡನ್ ರಿಸೀವರ್. ಮೊದಲು ರಿಸೀವರ್ ಎಂದರೆ ಯಾರು ಎನ್ನುವುದು ಸ್ಪಷ್ಟವಿರಲಿ. ಕ್ವಾರ್ಟರ್‌ಬ್ಯಾಕ್ ಎಸೆಯುವ ಚೆಂಡನ್ನು ಮುಂದೆ ಓಡಿಹೋಗಿ ಹಿಡಿಯುವವನು ರಿಸೀವರ್; ಹಾಗೆ ತಂಡ ಮುಂದೆ ಸಾಗಿದ ಗಜಗಳೇ ಅವನ ಗಳಿಕೆ. ನೋಡುವವರಿಗೆ ಇದು ಬೌಂಡರಿ ಗೆರೆಯ ಕ್ಯಾಚಿನ ಹಾಗೆ ಕಾಣುತ್ತದೆ, ಆದರೆ ಹಾಗಲ್ಲ. ಪ್ರತಿ ಓಟಕ್ಕೂ ಮೊದಲೇ ಬರೆದಿಟ್ಟ ದಾರಿಯಿದೆ: ಇಷ್ಟು ಹೆಜ್ಜೆ ನೇರ, ಇಲ್ಲಿ ಒಳಕ್ಕೆ ತಿರುವು, ಅಲ್ಲಿ ತಲೆ ಎತ್ತು. ರಿಸೀವರ್ ತಿರುಗುವ ಮುನ್ನವೇ ಚೆಂಡು ಕ್ವಾರ್ಟರ್‌ಬ್ಯಾಕ್ ಕೈಬಿಟ್ಟಿರುತ್ತದೆ. ಆತ ಎಸೆಯುವುದು ಮನುಷ್ಯನತ್ತ ಅಲ್ಲ, ಆ ಮನುಷ್ಯ ಬಂದು ನಿಲ್ಲಬೇಕಾದ ಜಾಗಕ್ಕೆ. ಈ ಹೊಂದಾಣಿಕೆ ದಿನದಿನದ ಅಭ್ಯಾಸದಿಂದ ಬರುವಂಥದ್ದು. ಆರು ತಿಂಗಳು ತಂಡದಿಂದ ದೂರ ಉಳಿದವನ ಕಾಲಿನ ವೇಗ ಹಾಗೇ ಇರಬಹುದು, ಕೈಯೂ ಹಾಗೇ ಇರಬಹುದು, ಇದು ಮಾತ್ರ ಇರುವುದಿಲ್ಲ.

ಗಾರ್ಡನ್ ಹುಟ್ಟಿದ್ದು 1991ರಲ್ಲಿ, ಟೆಕ್ಸಾಸ್‌ನ ಹ್ಯೂಸ್ಟನ್‌ನಲ್ಲಿ. ಆರು ಅಡಿ ಮೂರು ಇಂಚಿನ ಆಳು, ಅಷ್ಟು ದೊಡ್ಡ ಮೈಗೆ ಇರಬಾರದಷ್ಟು ವೇಗ. ಬೇಲರ್ ವಿಶ್ವವಿದ್ಯಾಲಯದ ಪರ 2010ರಲ್ಲಿ 714 ಗಜ ಗಳಿಸಿದರು. ಅದೇ ವರ್ಷ ಒಂದು ರಾತ್ರಿ ವೇಕೊ ಊರಿನ ಫಾಸ್ಟ್‌ಫುಡ್ ಅಂಗಡಿಯೊಂದರ ಡ್ರೈವ್-ಥ್ರೂ ಸಾಲಿನಲ್ಲಿ, ಕಾರಿನೊಳಗೇ ತಂಡದ ಗೆಳೆಯನ ಜೊತೆ ನಿದ್ದೆಹೋಗಿದ್ದಾಗ ಪೊಲೀಸರ ಕಣ್ಣಿಗೆ ಬಿದ್ದರು. ಕಾರಿನಲ್ಲಿ ಗಾಂಜಾ ಸಿಕ್ಕಿತು. ಕೊನೆಗೆ ಬೇಲರ್ ಬಿಟ್ಟು ಯೂಟಾ ವಿಶ್ವವಿದ್ಯಾಲಯ ಸೇರಿದರೂ ಅಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ. 2012ರ ಜುಲೈನಲ್ಲಿ, ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಮುಖ್ಯ ಡ್ರಾಫ್ಟ್ ಮುಗಿದ ಮೇಲೆ ತಡವಾಗಿ ಅರ್ಹತೆ ಬದಲಾದವರಿಗಾಗಿ ನಡೆಯುವ ಪೂರಕ ಡ್ರಾಫ್ಟ್‌ಗೆ ಬಂದರು. ಕ್ಲೀವ್‌ಲೆಂಡ್ ಬ್ರೌನ್ಸ್ ತನ್ನ ಮುಂದಿನ ವರ್ಷದ ಎರಡನೇ ಸುತ್ತಿನ ಆಯ್ಕೆಯನ್ನು ಬಿಟ್ಟುಕೊಟ್ಟು ಅವರನ್ನು ಪಡೆಯಿತು. ಕಾಲೇಜಿನ ಕೊನೆಯ ವರ್ಷ ಮೈದಾನಕ್ಕೇ ಇಳಿಯದ ಹುಡುಗನಿಗೆ ಇದು ಕಡಿಮೆ ಬೆಲೆಯಲ್ಲ.

2013ರ ಬಗ್ಗೆ ಎಷ್ಟು ಬರೆದರೂ ಸಾಲದು. ಆ ಋತುವಿನ ಮೊದಲ ಎರಡು ಪಂದ್ಯಗಳಿಗೆ ಅಮಾನತು; ಗಂಟಲು ನೋವಿಗೆ ವೈದ್ಯರು ಕೊಟ್ಟ ಔಷಧಿಯಲ್ಲಿ ಕೊಡೀನ್ ಇತ್ತೆಂಬುದು ಅವರ ವಿವರಣೆ. ಉಳಿದ 14 ಪಂದ್ಯಗಳಲ್ಲಿ 87 ಕ್ಯಾಚು, 1,646 ಗಜ. ಎರಡು ಪಂದ್ಯ ಕಡಿಮೆ ಆಡಿಯೂ ಇಡೀ ಲೀಗಿಗೇ ಮೊದಲು. ಎರಡನೆಯ ಸ್ಥಾನದ ಆಂಟೋನಿಯೊ ಬ್ರೌನ್ 1,499ಕ್ಕೆ ನಿಂತಿದ್ದರು. ನವೆಂಬರ್ 24ರಂದು ಪಿಟ್ಸ್‌ಬರ್ಗ್ ಸ್ಟೀಲರ್ಸ್ ವಿರುದ್ಧ 237 ಗಜ, ಮುಂದಿನ ಭಾನುವಾರ ಜ್ಯಾಕ್ಸನ್‌ವಿಲ್ ಜಾಗ್ವಾರ್ಸ್ ವಿರುದ್ಧ 261. ಸತತ ಎರಡು ಪಂದ್ಯಗಳಲ್ಲಿ ಇನ್ನೂರು ಗಜ ದಾಟಿದ ರಿಸೀವರ್ ಎನ್‌ಎಫ್‌ಎಲ್ ಇತಿಹಾಸದಲ್ಲಿ ಅದುವರೆಗೆ ಒಬ್ಬರೂ ಇರಲಿಲ್ಲ. ತಮಾಷೆಯೆಂದರೆ ಆ ಎರಡೂ ಪಂದ್ಯಗಳನ್ನು ಬ್ರೌನ್ಸ್ ಸೋತಿತು. ಆ ವರ್ಷ ಅವರಿಗೆ ಚೆಂಡು ಎಸೆದವರು ಮೂರು ಬೇರೆ ಬೇರೆ ಕ್ವಾರ್ಟರ್‌ಬ್ಯಾಕ್‌ಗಳು, ಮೂವರಲ್ಲಿ ಒಬ್ಬರ ಹೆಸರೂ ಇವತ್ತು ಯಾರ ಬಾಯಲ್ಲೂ ಇಲ್ಲ. ಆಗ ಗಾರ್ಡನ್‌ಗೆ 22 ವರ್ಷ.

ಆಮೇಲೆ ಬಂದದ್ದು ಆ ಎರಡು ಬಾಟಲಿಗಳು.

ಎನ್‌ಎಫ್‌ಎಲ್‌ನ ಅಂದಿನ ಮಾದಕವಸ್ತು ನಿಯಮದಲ್ಲಿ ಎರಡು ಲೋಕಗಳಿದ್ದವು. ಒಮ್ಮೆಯೂ ಸಿಕ್ಕಿಬೀಳದ ಆಟಗಾರನಿಗೆ ಗಾಂಜಾ ಪರೀಕ್ಷೆ ವರ್ಷಕ್ಕೊಮ್ಮೆ, ಏಪ್ರಿಲ್ 20ರಿಂದ ಆಗಸ್ಟ್ ಆರಂಭದವರೆಗಿನ ಅವಧಿಯಲ್ಲಿ ಮಾತ್ರ. ಪರೀಕ್ಷೆ ಮುಗಿಯಿತೆಂದರೆ ಮುಂದಿನ ವಸಂತದವರೆಗೆ ಕೇಳುವವರಿಲ್ಲ. (ಏಪ್ರಿಲ್ 20 ಅಮೆರಿಕದ ಗಾಂಜಾ ಪ್ರಿಯರ ಹಬ್ಬದ ದಿನ. ನಿಯಮ ಬರೆದವರಿಗೆ ಅದು ಗೊತ್ತಿತ್ತೋ ಇಲ್ಲವೋ, ಆಟಗಾರರಂತೂ ನಕ್ಕಿರಬೇಕು.) ಸಿಕ್ಕಿಬಿದ್ದವನ ಲೋಕ ಬೇರೆ. ಆತ ಮೂರು ಹಂತದ ಕಾರ್ಯಕ್ರಮದೊಳಗೆ ಹೋಗುತ್ತಾನೆ. ಕೊನೆಯ ಹಂತಕ್ಕೆ ಬಂದರೆ ತಿಂಗಳಿಗೆ ಹತ್ತು ಸಲದವರೆಗೂ, ಮುನ್ಸೂಚನೆಯಿಲ್ಲದೆ, ಮೂತ್ರದ ಮಾದರಿ ಕೊಡಬೇಕು. ಒಂದೇ ಚಟವಿರುವ ಇಬ್ಬರು ಒಂದೇ ಲಾಕರ್ ರೂಮಿನಲ್ಲಿದ್ದರೂ ಒಬ್ಬನಿಗೆ ಕಾನೂನು ವರ್ಷಕ್ಕೊಂದು ದಿನ, ಇನ್ನೊಬ್ಬನಿಗೆ ದಿನಾಲೂ.

ಗಾರ್ಡನ್ ಎರಡನೆಯ ಲೋಕದಲ್ಲಿದ್ದರು. 2014ರಲ್ಲಿ ಕೊಟ್ಟ ಮಾದರಿಯನ್ನು ಎಂದಿನಂತೆ ‘ಎ’ ಮತ್ತು ‘ಬಿ’ ಎಂದು ಎರಡು ಬಾಟಲಿಗೆ ಹಂಚಿದರು. ಮಿತಿ ಇದ್ದದ್ದು ಮಿಲಿಲೀಟರಿಗೆ 15 ನ್ಯಾನೊಗ್ರಾಂ. ‘ಎ’ ಬಾಟಲಿ 16 ತೋರಿಸಿತು, ‘ಬಿ’ ಬಾಟಲಿ 13.6. ಒಂದೇ ದೇಹದಿಂದ ಒಂದೇ ಹೊತ್ತಿಗೆ ಬಂದ ದ್ರವ. ಮೊದಲು ‘ಬಿ’ ಪರೀಕ್ಷೆಯಾಗಿದ್ದರೆ ಪ್ರಕರಣವೇ ಇರುತ್ತಿರಲಿಲ್ಲ. ಎರಡರ ಸರಾಸರಿ ತೆಗೆದರೂ 14.8. ಆದರೆ ನಿಯಮದ ಪ್ರಕಾರ ‘ಎ’ ಮಿತಿ ದಾಟಿದ್ದರೆ ಸಾಕು, ‘ಬಿ’ಯಲ್ಲಿ ಆ ವಸ್ತು ಇದೆಯೆಂದು ಕಂಡರೆ ಆಯಿತು. ಪಕ್ಕದವರು ಸೇದಿದ ಹೊಗೆ ಎಂಬ ವಕೀಲರ ವಾದ ನಡೆಯಲಿಲ್ಲ. ಆಗಸ್ಟ್ ಕೊನೆಗೆ ಮೇಲ್ಮನವಿ ಬಿದ್ದುಹೋಗಿ ಒಂದು ವರ್ಷದ ಅಮಾನತು ಖಾಯಂ ಆಯಿತು. ಒಲಿಂಪಿಕ್ಸ್ ಕ್ರೀಡಾಪಟುಗಳನ್ನು ನಿಯಂತ್ರಿಸುವ ವಾಡಾ ಅದರ ಹಿಂದಿನ ವರ್ಷವಷ್ಟೇ ತನ್ನ ಮಿತಿಯನ್ನು 15ರಿಂದ 150ಕ್ಕೆ ಏರಿಸಿತ್ತು.

ಸೆಪ್ಟೆಂಬರ್‌ನಲ್ಲಿ ಲೀಗ್ ಮತ್ತು ಆಟಗಾರರ ಸಂಘ ಹೊಸ ಒಪ್ಪಂದಕ್ಕೆ ಬಂದವು. ಮಿತಿ 35 ಆಯಿತು, ಗಾರ್ಡನ್ ಶಿಕ್ಷೆ ಹತ್ತು ಪಂದ್ಯಕ್ಕೆ ಇಳಿಯಿತು. ನವೆಂಬರ್‌ನಲ್ಲಿ ಅಟ್ಲಾಂಟಾದಲ್ಲಿ ಮರಳಿದ ದಿನವೇ 120 ಗಜ. ನಂತರದ ಪಂದ್ಯಗಳಲ್ಲಿ ಮಂಕಾದರು, ಕೊನೆಯ ಪಂದ್ಯದ ಮುನ್ನಾದಿನ ತಾಲೀಮಿಗೆ ಬಾರದ್ದಕ್ಕೆ ಕ್ಲಬ್ಬೇ ಹೊರಗಿಟ್ಟಿತು. ಅದೇ ವರ್ಷ ಕುಡಿದು ಕಾರು ಓಡಿಸಿದ ಪ್ರಕರಣದಲ್ಲಿ ತಪ್ಪೊಪ್ಪಿಕೊಂಡಿದ್ದರಿಂದ ಅವರು ಮದ್ಯವನ್ನೂ ಮುಟ್ಟುವಂತಿರಲಿಲ್ಲ. ಋತು ಮುಗಿದ ಮೇಲೆ ತಂಡದ ಗೆಳೆಯರ ಜೊತೆ ಲಾಸ್ ವೇಗಸ್‌ಗೆ ಹಾರುವಾಗ ವಿಮಾನದಲ್ಲಿ ಕುಡಿದರು. ಇಳಿಯುತ್ತಲೇ ಪರೀಕ್ಷೆಗೆ ಕರೆ. ಇಡೀ 2015 ಹೋಯಿತು. ಊರೆಲ್ಲ ಮಾರುವ, ಕ್ರೀಡಾಂಗಣದ ಗೋಡೆಗಳ ಮೇಲೆಲ್ಲ ಜಾಹೀರಾತು ಹಾಕಿಸಿಕೊಂಡ ಬಿಯರಿಗಾಗಿ ಹೋದ ವರ್ಷ ಅದು. ಆದರೂ ಇದರಲ್ಲಿ ಲೀಗನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ: ಷರತ್ತು ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆ ಹೊತ್ತಿಗೆ ಟೀವಿಯಲ್ಲಿ ಕೂತು ಬುದ್ಧಿ ಹೇಳುವವರು ಬಹಳ ಮಂದಿ ಆಗಿದ್ದರು. ಅವರಲ್ಲಿ ಮಾತಾಡುವ ಹಕ್ಕಿದ್ದವರು ಕ್ರಿಸ್ ಕಾರ್ಟರ್. ಅವರೂ ರಿಸೀವರ್. ಫಿಲಡೆಲ್ಫಿಯಾ ಈಗಲ್ಸ್‌ನಲ್ಲಿದ್ದಾಗ ಕುಡಿತ ಮತ್ತು ಮಾದಕವಸ್ತುವಿನಲ್ಲಿ ಮುಳುಗಿದ್ದ ಅವರನ್ನು 1990ರಲ್ಲಿ ಕೋಚ್ ಬಡ್ಡಿ ರಯಾನ್ ತಂಡದಿಂದಲೇ ಕಿತ್ತುಹಾಕಿದರು. ಮಿನೆಸೋಟ ವೈಕಿಂಗ್ಸ್ ಅವರನ್ನು ಪಡೆಯಲು ತೆತ್ತದ್ದು ಬರೇ 100 ಡಾಲರ್. ಅಲ್ಲಿ ತಂಡದ ಆಪ್ತಸಮಾಲೋಚಕಿ ಕೇಳಿದ್ದು ಒಂದೇ: ಒಂದು ವಾರ ಕುಡಿಯದೆ ಇರಬಲ್ಲೆಯಾ? ಆ ವಾರ ಮುಗಿಯಲೇ ಇಲ್ಲ. 130 ಟಚ್‌ಡೌನ್ (ಎದುರಾಳಿಯ ಕೊನೆಯ ಗೆರೆಯಾಚೆ ಚೆಂಡು ತಲುಪಿಸಿ ಅಂಕ ಗಳಿಸುವುದು) ಹಿಡಿದು, 2013ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಗಾರ್ಡನ್‌ನನ್ನೂ ತಂಡ ಕೈಬಿಡಲಿ, ಅದೇ ಅವನಿಗೆ ಮದ್ದು ಎಂಬುದು ಕಾರ್ಟರ್ ವಾದವಾಗಿತ್ತು. ಗಾರ್ಡನ್ ಬಹಿರಂಗ ಪತ್ರ ಬರೆದು ತಿರುಗೇಟು ಕೊಟ್ಟರು: ನೀವು ನನ್ನನ್ನು ಬಲ್ಲವರಲ್ಲ, ನಾನು ನೀವಲ್ಲ.

ಪತ್ರದಲ್ಲಿ ತಾನು ವ್ಯಸನಿಯಲ್ಲ ಎಂಬ ಧ್ವನಿಯಿತ್ತು. ಆದರೆ 2016ರಲ್ಲಿ ಷರತ್ತಿನ ಮೇಲೆ ಲೀಗ್ ಬಾಗಿಲು ತೆರೆದು, ನಾಲ್ಕು ಪಂದ್ಯದ ಶಿಕ್ಷೆ ಮುಗಿಯಲು ಕೆಲವೇ ದಿನವಿದ್ದಾಗ, ಅವರಾಗಿಯೇ ಚಿಕಿತ್ಸಾ ಕೇಂದ್ರ ಸೇರಿದರು. ಮರುವರ್ಷದ ಸಂದರ್ಶನವೊಂದರಲ್ಲಿ, ಹೆಚ್ಚು ಕಡಿಮೆ ಪ್ರತಿ ಪಂದ್ಯಕ್ಕೂ ಮುನ್ನ ಏನಾದರೊಂದು ನಶೆ ಮಾಡಿಯೇ ಇಳಿಯುತ್ತಿದ್ದೆ ಎಂದು ಒಪ್ಪಿಕೊಂಡರು. ಎಂದರೆ 1,646 ಗಜದ ಆ ವರ್ಷವೂ ಸೇರಿ. ಇದನ್ನು ಓದಿದ ಮೇಲೆ 2013ರ ಹಳೆಯ ವಿಡಿಯೊಗಳನ್ನು ಮೊದಲಿನಂತೆ ನೋಡಲಾಗುವುದಿಲ್ಲ. ಕಾರ್ಟರ್ ಹೇಳಿದ ಕಾಯಿಲೆ ಸರಿಯಾಗಿತ್ತು ಎನ್ನಬೇಕು. ಮದ್ದು ಸರಿಯಿತ್ತೇ ಎಂಬುದು ಬೇರೆ ಮಾತು.

2017ರ ಡಿಸೆಂಬರ್ 3ರಂದು, ಸುಮಾರು ಮೂರು ವರ್ಷದ ನಂತರ, ಚಾರ್ಜರ್ಸ್ ವಿರುದ್ಧ ಗಾರ್ಡನ್ ಮತ್ತೆ ಮೈದಾನಕ್ಕಿಳಿದು 85 ಗಜ ಗಳಿಸಿದರು. ಬ್ರೌನ್ಸ್ ಆ ವರ್ಷ ಹದಿನಾರಕ್ಕೆ ಹದಿನಾರೂ ಸೋತಿತು. 2018ರ ಮೊದಲ ಪಂದ್ಯದಲ್ಲಿ ಅವರು ಹಿಡಿದದ್ದು ಒಂದೇ ಚೆಂಡು, ಅದೇ ಪಂದ್ಯವನ್ನು 21-21ಕ್ಕೆ ತಂದ ಟಚ್‌ಡೌನ್. ಒಂದು ವಾರ ಕಳೆಯುವಷ್ಟರಲ್ಲಿ ಕ್ಲೀವ್‌ಲೆಂಡ್ ಸಾಕೆಂದಿತು. ಐದನೇ ಸುತ್ತಿನ ಆಯ್ಕೆಗೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಅವರನ್ನು ಕೊಂಡಿತು. ಅಕ್ಟೋಬರ್ 4ರಂದು ಟಾಮ್ ಬ್ರೇಡಿ ಎಸೆದ 34 ಗಜದ ಚೆಂಡನ್ನು ಗಾರ್ಡನ್ ಹಿಡಿದಾಗ ಅದು ಬ್ರೇಡಿಯ 500ನೇ ಟಚ್‌ಡೌನ್ ಆಗಿತ್ತು. ಪೇಟ್ರಿಯಟ್ಸ್ ಪರ 11 ಪಂದ್ಯದಲ್ಲಿ 720 ಗಜ. ಲೆಕ್ಕ ಹಾಕಿದರೆ ಒಂದೊಂದು ಕ್ಯಾಚಿಗೆ 18 ಗಜ. ಒಟ್ಟಾರೆ ದೂರ ಓಡುವ, ಎತ್ತರದ ಚೆಂಡು ಹಿಡಿಯುವ ಕೆಲಸ. ಮೊದಲು ಹೇಳಿದ ಆ ಹೆಜ್ಜೆ ಲೆಕ್ಕದ ಹೊಂದಾಣಿಕೆ ಇನ್ನೂ ಕುದುರುತ್ತಿತ್ತಷ್ಟೆ. ಡಿಸೆಂಬರ್ 20ರಂದು ಮಾನಸಿಕ ಆರೋಗ್ಯಕ್ಕಾಗಿ ಆಟದಿಂದ ದೂರ ಸರಿಯುತ್ತಿದ್ದೇನೆ ಎಂದರು. ಅದೇ ದಿನ ಅಮಾನತು. ಫೆಬ್ರುವರಿಯಲ್ಲಿ ಪೇಟ್ರಿಯಟ್ಸ್ ಲೀಗಿನ ಅಂತಿಮ ಪಂದ್ಯ ಸೂಪರ್ ಬೌಲ್ ಗೆದ್ದಾಗ ಮೈದಾನದಲ್ಲಿ ಅವರಿರಲಿಲ್ಲ.

2019ರಲ್ಲಿ ಮತ್ತೆ ಬಂದರು. ಆರು ಪಂದ್ಯವಾಗುವಷ್ಟರಲ್ಲಿ ಮೊಣಕಾಲು ಪೆಟ್ಟಾಯಿತು, ಅದೂ ಕ್ಯಾಚು ಹಿಡಿಯುವಾಗಲ್ಲ, ಬ್ರೇಡಿ ಕಳೆದುಕೊಂಡ ಚೆಂಡನ್ನು ಎತ್ತಿಕೊಂಡು ಓಡುತ್ತಿದ್ದ ಎದುರಾಳಿಯನ್ನು ತಡೆಯಹೋಗಿ. ಪೇಟ್ರಿಯಟ್ಸ್ ಬಿಟ್ಟಿತು, ಸೀಹಾಕ್ಸ್ ಎತ್ತಿಕೊಂಡಿತು, ಆಮೇಲೆ ಷಾರ್ಲಟ್‌ನ ಆ ಭಾನುವಾರ.

ಮೂರು ತಿಂಗಳ ನಂತರ, 2020ರ ಮಾರ್ಚ್‌ನಲ್ಲಿ, ಲೀಗ್ ಮತ್ತು ಆಟಗಾರರ ಸಂಘ ಹೊಸ ಒಪ್ಪಂದಕ್ಕೆ ಸಹಿ ಹಾಕಿದವು. ಗಾಂಜಾ ಮಿತಿ 150ಕ್ಕೆ ಏರಿತು. ಬರೇ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಕಾರಣಕ್ಕೆ ಪಂದ್ಯದಿಂದ ಹೊರಗಿಡುವ ಪದ್ಧತಿಯೇ ಹೋಗಿ ದಂಡ ಬಂತು. 2024ರ ಕೊನೆಗೆ ಆ ಮಿತಿ 350 ಆಯಿತು. 16 ನ್ಯಾನೊಗ್ರಾಂಗೆ ಒಬ್ಬನ ಅತ್ಯುತ್ತಮ ವಯಸ್ಸಿನ ಒಂದಿಡೀ ವರ್ಷ ಬೇಡಿದ ಲೀಗ್ ಇದೇ. ಹಾಗೆಂದು ಹೊಸ ನಿಯಮ ಮೊದಲೇ ಬಂದಿದ್ದರೆ ಗಾರ್ಡನ್ ಉಳಿಯುತ್ತಿದ್ದರು ಎಂದು ಹೇಳಿಬಿಡುವುದು ಸುಲಭದ ಮಾತು. 2019ರ ಅಮಾನತಿಗೆ ಮಾದಕವಸ್ತುವಿನ ಜೊತೆಗೆ ಶಕ್ತಿವರ್ಧಕ ವಸ್ತುಗಳ ನಿಯಮದ ಉಲ್ಲಂಘನೆಯೂ ಕಾರಣವಾಗಿತ್ತು. 2020ರ ಡಿಸೆಂಬರ್‌ನಲ್ಲಿ ಮತ್ತೆ ಷರತ್ತಿನ ಅನುಮತಿ ಸಿಕ್ಕಿತು. ಸಡಿಲವಾದ ನಿಯಮಗಳ ಕಾಲದಲ್ಲೇ ಆ ಷರತ್ತನ್ನೂ ಮುರಿದರು, ಒಂದು ಪಂದ್ಯವನ್ನೂ ಆಡದೆ ಹೊರಬಿದ್ದರು. ನಿಯಮ ಕೊಂದದ್ದು 2014 ಮತ್ತು ಅದರ ಆಸುಪಾಸನ್ನು. ಉಳಿದ ವರ್ಷಗಳ ಲೆಕ್ಕ ಬೇರೆ ಕಡೆ ಇದೆ.

ಇಷ್ಟಾದರೂ ತಂಡಗಳು ಯಾಕೆ ಕರೆಯುತ್ತಲೇ ಹೋದವು? ಬೆಲೆ ಇಳಿಯುತ್ತ ಹೋಯಿತಲ್ಲ, ಅದಕ್ಕೆ. 2012ರಲ್ಲಿ ಎರಡನೇ ಸುತ್ತಿನ ಆಯ್ಕೆ, 2018ರಲ್ಲಿ ಐದನೇ ಸುತ್ತು, 2019ರಲ್ಲಿ ಬಿಟ್ಟವರ ಪಟ್ಟಿಯಿಂದ ಎತ್ತಿಕೊಂಡದ್ದು. ನಷ್ಟವಾದರೆ ಏನೂ ಇಲ್ಲ, ಲಾಭವಾದರೆ 2013. ಮಾರ್ಟೇವಿಸ್ ಬ್ರಯಂಟ್ ಕಥೆಯೂ ಇದೇ: 2018ರ ಕೊನೆಗೆ ಹೊರಬಿದ್ದವರನ್ನು 2023ರಲ್ಲಿ ಲೀಗ್ ಮರಳಿ ಸೇರಿಸಿದಾಗ ಡಲ್ಲಾಸ್ ಕೌಬಾಯ್ಸ್ ಅಭ್ಯಾಸ ತಂಡಕ್ಕೆ ಕರೆದುಕೊಂಡಿತು. ಗಾರ್ಡನ್ ಜೊತೆಗೇ 2012ರಲ್ಲಿ ಲೀಗಿಗೆ ಬಂದು, ಹೊಸಬನಾಗಿಯೇ ಒಂದು ಪಂದ್ಯದಲ್ಲಿ 236 ಗಜ ಬಾಚಿದ ಜಸ್ಟಿನ್ ಬ್ಲ್ಯಾಕ್‌ಮನ್ ಮಾತ್ರ 2013ರ ಅಮಾನತಿನ ನಂತರ ತಿರುಗಿ ಬರಲೇ ಇಲ್ಲ.

2021ರಲ್ಲಿ ಕಾನ್ಸಾಸ್ ಸಿಟಿ ಚೀಫ್ಸ್ ಗಾರ್ಡನ್‌ಗೆ ಅವಕಾಶ ಕೊಟ್ಟಿತು. ಪ್ಯಾಟ್ರಿಕ್ ಮಹೋಮ್ಸ್‌ರಂಥ ಎಸೆತಗಾರನ ಜೊತೆ 12 ಪಂದ್ಯ. ಗಳಿಸಿದ್ದು ಐದು ಕ್ಯಾಚು, 32 ಗಜ. ಈ ಸಲ ಪರೀಕ್ಷೆಯಲ್ಲಿ ಸಿಕ್ಕಿಬೀಳಲಿಲ್ಲ, ತಾಲೀಮು ತಪ್ಪಿಸಿದ ಸುದ್ದಿಯೂ ಇಲ್ಲ, ಚೆಂಡೇ ಬರಲಿಲ್ಲ. ಮೂವತ್ತು ತುಂಬಿದ್ದ ಅವರಿಗೆ ಆ ಹೆಜ್ಜೆ ಲೆಕ್ಕವನ್ನು ಹೊಸ ಪಠ್ಯದಲ್ಲಿ ಮೊದಲಿಂದ ಕಲಿಯಬೇಕಿತ್ತು, ಕಲಿಸುವಷ್ಟು ವ್ಯವಧಾನ ಪ್ರಶಸ್ತಿಯ ಹಿಂದೆ ಬಿದ್ದ ತಂಡಕ್ಕೆ ಇರಲಿಲ್ಲ. ಮುಂದಿನ ವರ್ಷ ಟೆನೆಸಿ ಟೈಟನ್ಸ್‌ಗೆ ಎರಡು ಪಂದ್ಯ ಆಡಿದರು. ಎನ್‌ಎಫ್‌ಎಲ್‌ನಲ್ಲಿ ಅವರು ಗಳಿಸಿದ ಒಟ್ಟು ಗಜಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬಂದದ್ದು ಮೊದಲ ಎರಡು ಋತುಗಳಲ್ಲೇ.

2023ರ ಫೆಬ್ರುವರಿಯಲ್ಲಿ, ಸೂಪರ್ ಬೌಲ್ ಮುಗಿದು ವಾರವಾದ ಮೇಲೆ, ಎಕ್ಸ್‌ಎಫ್‌ಎಲ್ ಎಂಬ ಸಣ್ಣ ಲೀಗಿನಲ್ಲಿ ಸಿಯಾಟಲ್ ಸೀ ಡ್ರ್ಯಾಗನ್ಸ್ ಪರ ಗಾರ್ಡನ್ ಮತ್ತೆ ಆಡಿದರು. ತವರಿನ ಪಂದ್ಯಗಳು ನಡೆಯುತ್ತಿದ್ದದ್ದು ಸೀಹಾಕ್ಸ್‌ನ ಅದೇ ಲ್ಯುಮೆನ್ ಫೀಲ್ಡ್‌ನಲ್ಲಿ. ವಾರ ವಾರ ಆಡಿದರು, ಟಚ್‌ಡೌನ್ ಹಿಡಿದರು, ತಂಡ ಸೆಮಿಫೈನಲ್‌ವರೆಗೂ ಹೋಯಿತು. ಮರುವರ್ಷ ಆ ಲೀಗು ಇನ್ನೊಂದರ ಜೊತೆ ವಿಲೀನವಾಗಿ ಎಂಟೇ ತಂಡ ಉಳಿಸಿಕೊಂಡಿತು. ಆ ಎಂಟರಲ್ಲಿ ಸಿಯಾಟಲ್ ಇರಲಿಲ್ಲ.