ಸುಳಿಯೊಳಗಿನ ಹುಳು ಬಂದಿದ್ದು ಯಾವ ರಾತ್ರಿ?

ಶಿಕಾರಿಪುರದ ಕಡೆ ನಮ್ಮ ಚಿಕ್ಕಪ್ಪನ ಹೊಲವಿದೆ. ಮಳೆ ನಂಬಿ ಗೋವಿನಜೋಳ ಹಾಕುತ್ತಾರೆ. ಒಂದು ಬೆಳಿಗ್ಗೆ ಗಿಡದ ಸುಳಿ ಬಿಡಿಸಿ ತೋರಿಸಿದರು. ಎಲೆಯೆಲ್ಲ ಜರಡಿ, ಒಳಗೆ ಒದ್ದೆ ಮರದ ಪುಡಿಯಂಥ ಹಿಕ್ಕೆ, ಅದರ ಕೆಳಗೆ ಒಂದು ಅಂಗುಲದ ಹುಳು. "ಮೊನ್ನೆ ತನಕ ಏನೂ ಇರಲಿಲ್ಲ ಮಾರಾಯ, ರಾತ್ರೋರಾತ್ರಿ ಎಲ್ಲಿಂದ ಬಂತು ಇದು?" ಅಂದರು.

ರಾತ್ರಿ ಬಂದಿದ್ದು ನಿಜ. ಆದರೆ ಎಲೆಗೆ ಮೊಟ್ಟೆ ಬಿದ್ದ ಆ ರಾತ್ರಿ ಕಳೆದು ಸುಮಾರು ಎರಡು ವಾರ ಆಗಿರುತ್ತದೆ. ಮೊಟ್ಟೆ ಒಡೆಯಲು ಎರಡು ಮೂರು ದಿನ ಬೇಕು. ಆಮೇಲೆ ಮರಿಹುಳು ಎಲೆಯ ಹಸಿರನ್ನಷ್ಟೇ ಕೆರೆದು ತಿನ್ನುತ್ತದೆ, ಬಿಳಿ ಮಚ್ಚೆ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಕಣ್ಣಿಗೆ ಹೊಡೆಯುವ ತೂತು ಬೀಳುವುದು ಹುಳು ದೊಡ್ಡದಾದ ಮೇಲೆ, ಅಷ್ಟು ಹೊತ್ತಿಗೆ ಅದು ಸುಳಿಯ ಆಳಕ್ಕೆ ಇಳಿದು ತನ್ನ ಹಿಕ್ಕೆಯಿಂದಲೇ ಬಾಗಿಲು ಮುಚ್ಚಿಕೊಂಡಿರುತ್ತದೆ, ಮೇಲೆ ಔಷಧಿ ಹೊಡೆದರೂ ಸರಿಯಾಗಿ ತಾಗುವುದಿಲ್ಲ.

ಇದು ಫಾಲ್ ಸೈನಿಕ ಹುಳು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದಂಥ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅದೇ. ಮೂಲ ಅಮೆರಿಕ ಖಂಡಗಳು. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು ನಮ್ಮ ಶಿವಮೊಗ್ಗದಲ್ಲೇ, 2018ರ ಮೇ ತಿಂಗಳಲ್ಲಿ, ಇಲ್ಲಿನ ಕೃಷಿ ಕಾಲೇಜಿನ ಕೀಟ ವಿಜ್ಞಾನಿಗಳು. ಕೆಲವೇ ತಿಂಗಳಲ್ಲಿ ಅಕ್ಕಪಕ್ಕದ ರಾಜ್ಯಗಳಿಗೆ ಹಬ್ಬಿತು, 2019ರ ಆರಂಭಕ್ಕೆ ಚೀನಾದಲ್ಲಿ ಸಿಕ್ಕಿತು, 2020ರಲ್ಲಿ ಆಸ್ಟ್ರೇಲಿಯಾದಲ್ಲಿ.

ತೆವಳುವ ಹುಳು ಇಷ್ಟು ದೂರ ಹೋಗುವುದು ಹೇಗೆ? ಹೋಗುವುದು ಅದರ ಪತಂಗ. ಬೂದು ಬಣ್ಣದ ಪುಟ್ಟ ಜೀವ, ಬಲ್ಬಿನ ಕೆಳಗೆ ಬಿದ್ದಿದ್ದರೂ ಯಾರೂ ತಿರುಗಿ ನೋಡುವುದಿಲ್ಲ. ಗಾಳಿ ಜೊತೆ ಕೊಟ್ಟರೆ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರುತ್ತದೆ. ಹೊಸದಾಗಿ ಹೊರಬಂದ ಹೆಣ್ಣಿನ ಹೊಟ್ಟೆಯಲ್ಲಿ ಮೊಟ್ಟೆ ಇನ್ನೂ ಬಲಿತಿರುವುದಿಲ್ಲ, ಆ ಮೂರ್ನಾಲ್ಕು ದಿನವೇ ಅದರ ಪ್ರಯಾಣದ ಕಾಲ. ಅಮೆರಿಕದಲ್ಲಿ ಇದು ಚಳಿಗಾಲ ಕಳೆಯುವುದು ಫ್ಲೋರಿಡಾ ಮತ್ತು ಟೆಕ್ಸಾಸ್‌ನ ದಕ್ಷಿಣದ ತುದಿಗಳಲ್ಲಿ ಮಾತ್ರ. ಹಿಮ ತಡೆಯುವ ಶಕ್ತಿ ಇದಕ್ಕಿಲ್ಲ. ಆದರೂ ಪ್ರತಿ ವರ್ಷ ಬೇಸಿಗೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಉತ್ತರಕ್ಕೆ ಸರಿಯುತ್ತಾ ಕೆನಡಾ ಮುಟ್ಟುತ್ತದೆ. ನಮ್ಮಲ್ಲಿ ಅದನ್ನು ಕೊಲ್ಲುವಂಥ ಹಿಮವೇ ಬೀಳುವುದಿಲ್ಲ ಅಲ್ವಾ, ಹಾಗಾಗಿ ಹಸಿರು ಜೋಳ ಎಲ್ಲಾದರೂ ಇದ್ದರೆ ವರ್ಷವಿಡೀ ಅದರ ಸಂಸಾರ ನಡೆಯುತ್ತದೆ.

ಸಂಸಾರ ಶುರುವಾಗುವುದು ವಾಸನೆಯಿಂದ. ಕತ್ತಲಾದ ಮೇಲೆ ಹೆಣ್ಣು ಗಿಡದ ಮೇಲ್ಭಾಗದಲ್ಲಿ ಕೂತು ಹೊಟ್ಟೆಯ ತುದಿಯಿಂದ ಒಂದು ವಾಸನೆ ಬಿಡುತ್ತದೆ. ನಮ್ಮ ಮೂಗಿಗೆ ಏನೂ ತಿಳಿಯುವುದಿಲ್ಲ. ಗಂಡಿನ ಮೀಸೆಗೆ ಅದರ ಎಳೆ ತಾಗಿದರೆ ಸಾಕು, ಗಾಳಿಗೆ ಎದುರಾಗಿ, ಎಳೆ ತಪ್ಪಿದಾಗ ಆಚೆ ಈಚೆ ಹುಡುಕಾಡುತ್ತಾ ಬಂದು ಸೇರುತ್ತದೆ. ಇಂಥ ವಾಸನೆಯ ರಸಾಯನವನ್ನು ಮೊದಲು ಬಿಡಿಸಿದ್ದು 1959ರಲ್ಲಿ, ಜರ್ಮನಿಯ ಬುಟೆನಾಂಟ್ ಎಂಬ ವಿಜ್ಞಾನಿ, ಅದೂ ನಮ್ಮ ಊರುಗಳಲ್ಲಿ ಸಾಕುವ ರೇಷ್ಮೆ ಹುಳುವಿನ ಪತಂಗದಿಂದ. ಸುಮಾರು 5 ಲಕ್ಷ ಹೆಣ್ಣು ಪತಂಗಗಳಿಂದ ಸಿಕ್ಕಿದ್ದು ಕೆಲವೇ ಮಿಲಿಗ್ರಾಂ. ಆ ಒಂದು ಕೆಲಸದಿಂದಲೇ ಇವತ್ತು ನಮ್ಮ ಹೊಲದಲ್ಲಿ, ಹೆಣ್ಣಿನ ವಾಸನೆಯ ನಕಲು ಇಟ್ಟು ಗಂಡನ್ನು ಸೆಳೆಯುವ ಮೋಹಕ ಬಲೆ ನೇತಾಡುತ್ತಿದೆ ಅಂದರೆ ನನಗೆ ಈಗಲೂ ಆಶ್ಚರ್ಯ.

ಈ ಬಲೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಎರಡು ಬಲೆ ಕಟ್ಟಿದರೆ ಹುಳು ಹೋಯಿತು ಎಂದು ಎಷ್ಟೋ ಜನ ನಂಬಿದ್ದಾರೆ. ಬಲೆಗೆ ಬೀಳುವುದು ಗಂಡು ಮಾತ್ರ. ಉಳಿದ ಒಂದು ಗಂಡು ಬೇರೆ ಬೇರೆ ರಾತ್ರಿ ಹಲವು ಹೆಣ್ಣುಗಳನ್ನು ಕೂಡಬಲ್ಲದು. ಎಲ್ಲೋ ಕೂಡಿದ ಹೆಣ್ಣು ಮೊಟ್ಟೆ ಹೊತ್ತುಕೊಂಡೇ ನಿಮ್ಮ ಹೊಲಕ್ಕೆ ಇಳಿಯಬಹುದು, ಅದಕ್ಕೆ ನಿಮ್ಮ ಬಲೆಯ ಹಂಗೇ ಇಲ್ಲ. ಬಲೆಯ ನಿಜವಾದ ಕೆಲಸ ಸುದ್ದಿ ಕೊಡುವುದು. ಗಂಡು ಬೀಳಲು ಶುರುವಾದರೆ ಮೊಟ್ಟೆ ಹುಡುಕುವ ದಿನ ಬಂತು ಅಂತ ಅರ್ಥ.

ಆ ದಿನ ಯಾಕೆ ಮುಖ್ಯ ಎಂದರೆ, ಒಂದು ಹೆಣ್ಣು ತನ್ನ ಹತ್ತು ಹನ್ನೆರಡು ದಿನದ ಆಯಸ್ಸಿನಲ್ಲಿ ಸಾವಿರಕ್ಕೂ ಜಾಸ್ತಿ ಮೊಟ್ಟೆ ಇಡುತ್ತದೆ. ಅದರಲ್ಲಿ ಎರಡೇ ಬದುಕಿ ಪತಂಗವಾದರೆ ಸಂಖ್ಯೆ ಇದ್ದಷ್ಟೇ ಇರುತ್ತದೆ. ಇಪ್ಪತ್ತು ಬದುಕಿದರೆ ತಿಂಗಳಲ್ಲಿ ಹತ್ತು ಪಟ್ಟು, ಎರಡು ತಿಂಗಳಲ್ಲಿ ನೂರು ಪಟ್ಟು. ಸಾವಿರದಲ್ಲಿ 998 ಸಾಯುವುದಕ್ಕೂ 980 ಸಾಯುವುದಕ್ಕೂ ಇರುವ ವ್ಯತ್ಯಾಸ ಅಷ್ಟೇ! ಸಾಯಿಸುವವರು ಬೇಕಾದಷ್ಟಿದ್ದಾರೆ. ಜೋರು ಮಳೆ ಮರಿಗಳನ್ನು ತೊಳೆದು ಹಾಕುತ್ತದೆ. ದೊಡ್ಡ ಹುಳು ಚಿಕ್ಕದನ್ನು ತಿನ್ನುತ್ತದೆ, ಅದಕ್ಕೇ ಒಂದು ಸುಳಿಯಲ್ಲಿ ಕೊನೆಗೆ ಉಳಿಯುವುದು ಒಂದೋ ಎರಡೋ. ಪುಟ್ಟ ಕಣಜಗಳು ಮೊಟ್ಟೆಯೊಳಗೇ ತಮ್ಮ ಮೊಟ್ಟೆ ಇಡುತ್ತವೆ. ಮೋಡ ಕವಿದ ಜಡಿಮಳೆಯ ದಿನಗಳಲ್ಲಿ ಒಂದು ಶಿಲೀಂಧ್ರ ತಗುಲಿ ಹುಳುಗಳು ಎಲೆಗೆ ಅಂಟಿಕೊಂಡಂತೆಯೇ ಸೆಟೆದು, ಬಿಳಿಯಾಗಿ, ಆಮೇಲೆ ಹಸಿರಾಗಿ ನಿಂತಿರುತ್ತವೆ. ಕಂಡರೆ ಕಿತ್ತು ಎಸೆಯಬೇಡಿ. ಅದು ಇನ್ನೂ ಎಷ್ಟೋ ಹುಳುಗಳಿಗೆ ರೋಗ ಹಂಚುತ್ತದೆ.

ಇವರ ಕೆಲಸ ಕೆಡಿಸುವುದು ನಾವೇ. ಸಿಕ್ಕ ಸಿಕ್ಕ ಔಷಧಿ ಹೊಡೆದರೆ ಮೊದಲು ಸಾಯುವುದು ಕಣಜ. ಒಬ್ಬರು ಮೊದಲ ಮಳೆಗೆ, ಇನ್ನೊಬ್ಬರು ಮೂರು ವಾರ ಬಿಟ್ಟು, ಮತ್ತೊಬ್ಬರು ಇನ್ನೂ ತಡವಾಗಿ ಬಿತ್ತಿದರೆ, ಮೊದಲ ಹೊಲದ ಮಣ್ಣಿನಿಂದ ಎದ್ದ ಪತಂಗಕ್ಕೆ ಪಕ್ಕದಲ್ಲೇ ಎಳೆ ಜೋಳ ಕಾದಿರುತ್ತದೆ. ನೂರು ಕಿಲೋಮೀಟರ್ ಹಾರುವ ಜೀವಕ್ಕೆ ಬದು ದಾಟುವುದು ಯಾವ ಲೆಕ್ಕ?

ಕಳೆದ ವರ್ಷ ಚಿಕ್ಕಪ್ಪ ಅಕ್ಕಪಕ್ಕದವರ ಹತ್ತಿರ ಮಾತಾಡಿ ಒಂದೇ ವಾರದಲ್ಲಿ ಎಲ್ಲರೂ ಬಿತ್ತುವ ಹಾಗೆ ಮಾಡಿದರು. ಮೊಳಕೆ ಬಂದ ಕೂಡಲೇ ಬಲೆ ಕಟ್ಟಿದರು. ಬೆಳಿಗ್ಗೆ ಹಾಲು ಕರೆದ ಮೇಲೆ ಹೋಗಿ ಎಣಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುತ್ತಿದ್ದರು. ಸೊನ್ನೆ, ಸೊನ್ನೆ, ಒಂದು, ಸೊನ್ನೆ, ಒಂಬತ್ತು. ಒಂಬತ್ತು ಬಿದ್ದ ದಿನ ಚಿಕ್ಕಮ್ಮನನ್ನೂ ಕರೆದುಕೊಂಡು ಸಾಲು ಸಾಲಾಗಿ ಎಲೆ ಮಗುಚಿ ನೋಡಿದರು. ಬೂದು ಉಣ್ಣೆ ಹೊದಿಸಿದಂಥ ಮೊಟ್ಟೆಯ ಗುಂಪುಗಳು ಸಿಕ್ಕವು, ಇಬ್ಬರೂ ಸಂಜೆವರೆಗೆ ಬೆರಳಲ್ಲೇ ಹಿಸುಕಿದರು.