ತಾರಸಿಯ ನೀರು ಚೇಂಬರಿಗೆ ಬೇಡ

ಚಿಕ್ಕಮಗಳೂರಿನಲ್ಲಿ ಮನೆ ಕಟ್ಟಿಸುವವರು ಟೈಲ್ಸ್ ಆರಿಸಲು ನಾಲ್ಕು ದಿನ ಅಂಗಡಿ ಸುತ್ತುತ್ತಾರೆ. ತಾರಸಿಯ ಮಳೆನೀರು ಎಲ್ಲಿಗೆ ಬಿಡೋಣ ಅಂದರೆ ಮಾತ್ರ ಉತ್ತರ ತಕ್ಷಣ ಬರುತ್ತದೆ: "ಚೇಂಬರಿಗೇ ಬಿಟ್ಟುಬಿಡಿ ಸಾರ್, ಎಲ್ಲಾ ನೀರೇ ಅಲ್ವಾ?"

ಅಲ್ಲ. ಚೇಂಬರ್ ಅಂದರೆ ಮನೆಯ ಕೊಳಚೆ ಬೀದಿಯ ಒಳಚರಂಡಿಗೆ ಹೋಗುವ ಮುನ್ನ ಸೇರುವ ಗುಂಡಿ. ದಯವಿಟ್ಟು ಈ ಒಂದು ಲೆಕ್ಕ ನೋಡಿ. ಒಂದು ಸಾವಿರ ಚದರಡಿ ತಾರಸಿ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,600 ಲೀಟರ್ ನೀರು. ನಮ್ಮ ಮಲೆನಾಡ ಸೆರಗಿನಲ್ಲಿ ಜುಲೈ ತಿಂಗಳ ಮಟ್ಟಿಗೆ ಇದು ದೊಡ್ಡ ಮಳೆಯೇನಲ್ಲ. ಐದು ಜನರ ಮನೆಯಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಬಳಸಿದರೆ, ಕಕ್ಕಸು, ಬಚ್ಚಲು, ಸಿಂಕು ಎಲ್ಲ ಸೇರಿ ಚೇಂಬರಿಗೆ ಇಳಿಯುವುದು ಅದರ ಶೇಕಡಾ 80, ಹೆಚ್ಚುಕಡಿಮೆ 540 ಲೀಟರ್. ಅಂದರೆ ಎಂಟು ದಿನದ ಕೊಳಚೆಗಿಂತ ಹೆಚ್ಚು ನೀರನ್ನು ಒಂದೇ ಸಂಜೆ ಅದೇ ಪೈಪಿಗೆ ಸುರಿದ ಹಾಗಾಯಿತು. ಬೀದಿಯ ಇಪ್ಪತ್ತು ಮನೆಯವರೂ ಹೀಗೆ ಮಾಡಿದರೆ ಯುಜಿಡಿ (ಬೀದಿಯಡಿಯ ಒಳಚರಂಡಿ) ತಡೆಯುವುದಿಲ್ಲ. ಮ್ಯಾನ್‌ಹೋಲ್ ಉಕ್ಕಿ, ಕಕ್ಕಸಿನ ನೀರು ರಸ್ತೆ ಚರಂಡಿಗೆ ಬೀಳುತ್ತದೆ. ಚರಂಡಿ ಇಳಿಜಾರು ಹಿಡಿದು ಕೆರೆ ಸೇರುತ್ತದೆ. ಆಮೇಲೆ ಬಸವನಹಳ್ಳಿ ಕೆರೆ ಏರಿ ಮೇಲೆ ನಿಂತು ಅಂತರಗಂಗೆ ನೋಡಿ ಬೇಸರಪಡುತ್ತೇವೆ. ಆ ಕಳೆಗೆ ಗೊಬ್ಬರ ಹೋಗಿದ್ದು ನಮ್ಮ ಮನೆಗಳಿಂದಲೇ.

ಇದರ ತಿರುವುಮುರುವೂ ಅಷ್ಟೇ ಸಾಮಾನ್ಯ. ತಾರಸಿಯಲ್ಲಿ ವಾಷಿಂಗ್ ಮೆಷಿನ್ ಇಟ್ಟು ಅದರ ಪೈಪನ್ನು ಮಳೆನೀರಿನ ತೂತಿಗೆ ತೂರಿಸುತ್ತಾರೆ. ಮಳೆಪೈಪು ರಸ್ತೆ ಚರಂಡಿಗೆ ಹೋಗುವ ಮನೆಯಾದರೆ ಸೋಪಿನ ನೀರು ನೇರ ಕೆರೆಗೆ. ಮೆಷಿನ್ ನೀರು ಬಚ್ಚಲ ಪೈಪಿಗೇ ಇಳಿಯಬೇಕು, ಅದಕ್ಕೆ ಬೇರೆ ಲೈನ್ ಎಳೆಸಿ.

ನಿಮ್ಮ ಮನೆಯ ಕಥೆ ತಿಳಿಯಬೇಕೇ? ಒಂದು ಬಕೆಟ್ ನೀರಿಗೆ ಬಟ್ಟೆಗೆ ಹಾಕುವ ನೀಲಿ ಕಲಸಿ ತಾರಸಿಯ ತೂತಿಗೆ ಸುರಿಯಿರಿ, ಹಿಂದೆಯೇ ಎರಡು ಬಕೆಟ್ ಬರಿ ನೀರು. ಕೆಳಗೆ ಒಬ್ಬರು ಕಾಂಪೌಂಡ್ ಒಳಗಿನ ಚೇಂಬರ್ ಮುಚ್ಚಳ ಸರಿಸಿ ದೂರ ನಿಂತು ನೋಡಲಿ, ಬಗ್ಗಿ ಮುಖ ಇಡುವುದು ಬೇಡ. ನೀಲಿ ಕಂಡರೆ ತಪ್ಪು ಜೋಡಣೆ. ರಸ್ತೆಯ ಮ್ಯಾನ್‌ಹೋಲ್ ಮಾತ್ರ ಮುಟ್ಟಬೇಡಿ, ಅದು ನಗರಸಭೆಯ ಕೆಲಸ. ಯಾರನ್ನೂ ಅದರೊಳಗೆ ಇಳಿಸಲೂ ಬೇಡಿ, ಒಳಗಿನ ಗಾಳಿ ಜೀವ ತೆಗೆಯುತ್ತದೆ.

ಸರಿಪಡಿಸುವುದು ಸಾಮಾನ್ಯವಾಗಿ ಒಂದು ದಿನದ ಕೆಲಸ. ಪೈಪನ್ನು ನೆಲದಿಂದ ನಾಲ್ಕಡಿ ಮೇಲೆ ಕತ್ತರಿಸಿ ಟೀ (T ಆಕಾರದ ಜೋಡಣೆ) ಕೂರಿಸಿ. ಟೀಯ ಅಡ್ಡಬಾಯಿ 200 ಲೀಟರಿನ ಡ್ರಮ್ಮಿನ ತಲೆಗೆ ಬರಲಿ. ಡ್ರಮ್ಮಿನ ತಳದಲ್ಲಿ 40 ಎಂಎಂ ಜಲ್ಲಿ, ಅದರ ಮೇಲೆ 20 ಎಂಎಂ, ನೈಲಾನ್ ಜಾಲರಿ, ಮೇಲೆ ತೊಳೆದ ದಪ್ಪ ಮರಳು. ತಳದಿಂದ ಹೊರಟ ಪೈಪು ಸಂಪಿಗೆ. ಟೀಯ ಕೆಳಗಿನ ತುಂಡು ಪೈಪನ್ನು ಚೇಂಬರಿನಿಂದ ಬಿಡಿಸಿ ಮಳೆ ಚರಂಡಿಗೆ ತಿರುಗಿಸಿ, ಅದಕ್ಕೆ ಬಾಲ್ ವಾಲ್ವ್ ಹಾಕಿ. ಮೊದಲ ಮಳೆಗಳಲ್ಲಿ ಅದು ತೆರೆದಿರಲಿ. ಧೂಳು, ಹಕ್ಕಿ ಹಿಕ್ಕೆ, ಸಿಲ್ವರ್ ಓಕ್ ಎಲೆ ಎಲ್ಲ ಕೊಚ್ಚಿಹೋದ ಮೇಲೆ ಮುಚ್ಚಿ. ವಾಲ್ವ್ ಬದಲು ಒಂದು ಮೀಟರ್ ಪೈಪಿಗೆ ಎಂಡ್ ಕ್ಯಾಪ್ ಹಾಕಿ "ಕೊಳೆ ಅದರಲ್ಲೇ ನಿಲ್ಲುತ್ತೆ" ಅನ್ನುವವರಿದ್ದಾರೆ. ನಾಲ್ಕಿಂಚಿನ ಪೈಪು ಮೀಟರಿಗೆ ಎಂಟು ಲೀಟರ್ ಚಿಲ್ಲರೆ ಹಿಡಿಯುತ್ತದೆ, ಅಷ್ಟೇ. ಮೊದಲ ಒಂದು ಮಿಲಿಮೀಟರ್ ಮಳೆಗೇ ತೊಂಬತ್ತು ಲೀಟರ್ ಇಳಿಯುತ್ತದೆ.

ಮರಳಿನ ಮೇಲ್ಪದರ ಪಾಚಿ ಕಟ್ಟಿ ನೀರು ಇಳಿಯದಿದ್ದರೆ ಎರಡಿಂಚು ತೆಗೆದು ತೊಳೆದು ಹಾಕಿ. ಈ ನೀರು ಬಟ್ಟೆ, ನೆಲ, ಕಕ್ಕಸು, ಗಿಡಕ್ಕೆ ಧಾರಾಳ. ಕುಡಿಯುವುದಾದರೆ ಪರೀಕ್ಷೆ ಮಾಡಿಸದೆ, ಕುದಿಸದೆ ಬೇಡ.

ಇನ್ನೊಂದು ವಿಷಯ, ಇದನ್ನು ಹೇಳುವಾಗ ನಿಜಕ್ಕೂ ಭಯವಾಗುತ್ತದೆ. ಸಂಪಿನ ಓವರ್‌ಫ್ಲೋ ಪೈಪನ್ನೂ ಕೆಲವರು ಚೇಂಬರಿಗೆ ಕೊಟ್ಟಿರುತ್ತಾರೆ. ಮುಂದಿನ ಮ್ಯಾನ್‌ಹೋಲ್ ಕಟ್ಟಿಕೊಂಡ ದಿನ ಕೊಳಚೆ ಅದೇ ಪೈಪಿನಲ್ಲಿ ಹಿಂದಕ್ಕೆ ಬಂದು, ಹಿರೇಕೊಳಲೆಯಿಂದಲೋ ಯಗಚಿಯಿಂದಲೋ ಬಂದ ಕುಡಿಯುವ ನೀರಿಗೆ ಸೇರುತ್ತದೆ. ಅದನ್ನು ಇವತ್ತೇ ಕಿತ್ತು, ಬಾಯಿಗೆ ಸೊಳ್ಳೆ ಜಾಲರಿ ಕಟ್ಟಿ, ಇಂಗುಗುಂಡಿಗೋ ಮಳೆ ಚರಂಡಿಗೋ ತಿರುಗಿಸಿ.

ಉಳಿದ ಪೈಪಿನ ಕೆಲಸ ಏಪ್ರಿಲ್‌ನಲ್ಲೇ ಮುಗಿಸುವುದು ಒಳ್ಳೆಯದು. ಮಳೆ ಹಿಡಿದ ಮೇಲೆ ಒದ್ದೆ ಪಿವಿಸಿಗೆ ಸಾಲ್ವೆಂಟ್ ಅಂಟು ಸರಿಯಾಗಿ ಕಚ್ಚುವುದಿಲ್ಲ, ಜಾಯಿಂಟ್ ಬಿಟ್ಟುಕೊಳ್ಳುತ್ತದೆ.